ಡೀಸೆಲ್ ಅಜ್ಜನಿಗೊಂದು ನಿಮಿಷ

ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಮಲೆನಾಡಿನ ನಮ್ಮ ಮನೆಗೆ ಬಂದಿದ್ದ ಪುಟ್ಟಿ ಬೆಳಿಗ್ಗೆ ಆರೂವರೆಗೇ ಸ್ವೆಟರ್ ಹಾಕಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಪುಟ್ಟಿ ನನ್ನ ಅಕ್ಕನ ಮೊಮ್ಮಗಳು, ಐದನೇ ತರಗತಿ. ಪೇಟೆಗೆ ಹೋಗಿ ಬಿಸಿ ಬಿಸಿ ಇಡ್ಲಿ ತರುವುದು ನಮ್ಮಿಬ್ಬರ ಒಪ್ಪಂದ. ಅಂಗಳದ ತುಂಬ ಮಂಜು. ಕಾರಿನ ಗಾಜಿನ ಮೇಲೆ ಇಬ್ಬನಿ ಹನಿ ಹನಿಯಾಗಿ ಇಳಿಯುತ್ತಿತ್ತು. ನನ್ನದು ಹದಿನೆಂಟು ವರ್ಷ ಹಳೆಯ ಡೀಸೆಲ್ ಕಾರು. ಕೀಲಿ ಅರ್ಧ ತಿರುಗಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

"ಚಿಕ್ಕಜ್ಜ, ಜಿಲೇಬಿ ಹತ್ತಿಕೊಂಡಿದೆ ನೋಡಿ!" ಎಂದಳು.

ನೋಡಿದೆ. ಹೌದು, ಜಿಲೇಬಿಯೇ. ಸ್ಪೀಡೋಮೀಟರ್ ಪಕ್ಕದಲ್ಲಿ ಸುರುಳಿ ಸುತ್ತಿದ ತಂತಿಯ ಚಿತ್ರದ ಒಂದು ಪುಟ್ಟ ಕಿತ್ತಳೆ ಬಣ್ಣದ ದೀಪ. ಸ್ವಲ್ಪ ಹೊತ್ತಿನಲ್ಲಿ ಅದು ಆರಿತು. ಆಮೇಲೆ ಕೀಲಿ ಪೂರ್ತಿ ತಿರುಗಿಸಿದೆ. ಕಾರು ಒಮ್ಮೆ ಮೈ ಕೊಡವಿ ಎದ್ದಿತು.

"ಅದು ಆರೋವರೆಗೂ ನೀವು ಯಾಕೆ ಸುಮ್ಮನೆ ಕೂತಿದ್ರಿ? ಅಪ್ಪನ ಕಾರಲ್ಲಿ ಬಟನ್ ಒತ್ತಿದ ಕೂಡಲೇ ಸ್ಟಾರ್ಟ್ ಆಗುತ್ತೆ."

ಇಡ್ಲಿ ಅಂಗಡಿಗೆ ನಾಲ್ಕು ಕಿಲೋಮೀಟರ್. ಅಷ್ಟು ದೂರದಲ್ಲಿ ಮುಗಿಯುವ ಉತ್ತರ ಅದಲ್ಲ. ಆ ಜಿಲೇಬಿಯ ಹಿಂದೆ ಒಂದು ವಿಜ್ಞಾನದ ಪಾಠ ಇದೆ, ನಮ್ಮ ಮನೆಯ ಒಂದು ಕಥೆಯೂ ಇದೆ. ಮಕ್ಕಳೇ, ಪುಟ್ಟಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮನೆಯಲ್ಲಿ ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡಿರುವ ಅಜ್ಜಂದಿರಿಗೂ ಇದರಲ್ಲಿ ನಾಲ್ಕು ಉಪಯೋಗದ ಮಾತು ಸಿಕ್ಕೀತು.

ಆ ಡಿಸೆಂಬರ್ ರಾತ್ರಿ

1980ರ ದಶಕದ ಆರಂಭ. ನನಗೆ ಆಗ ಹದಿನಾಲ್ಕು ವರ್ಷ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಊರಿನಲ್ಲಿ ಇದ್ದದ್ದು ಒಂದೇ ಜೀಪು, ಮೇಲಿನ ಮನೆ ಗೌಡರದು. ಅಕ್ಕನಿಗೆ ದಿನ ತುಂಬಿದೆ ಎಂದು ತಿಳಿದ ಗೌಡರು, "ಜೀಪು ಒಂದು ವಾರ ನಿಮ್ಮ ಅಂಗಳದಲ್ಲೇ ಇರಲಿ, ಯಾವಾಗ ಬೇಕಾಗುತ್ತೋ ಏನೋ" ಎಂದು ಕಳಿಸಿಕೊಟ್ಟಿದ್ದರು. ಡ್ರೈವರಣ್ಣನ ಮನೆ ತೋಟದ ಆಚೆ, ಹತ್ತು ನಿಮಿಷದ ದಾರಿ.

ಒಂದು ರಾತ್ರಿ ಎರಡು ಗಂಟೆಗೆ ಅಕ್ಕನಿಗೆ ನೋವು ಶುರುವಾಯಿತು. ಸೂಲಗಿತ್ತಿ ಅಜ್ಜಿ ನೋಡಿ, "ಮಗು ತಿರುಗಿಲ್ಲ. ನನ್ನ ಕೈಲಾಗೋದಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದುಬಿಟ್ಟರು. ಆಳು ಲಾಟೀನು ಹಿಡಿದು ಡ್ರೈವರಣ್ಣನ ಮನೆಗೆ ಓಡಿದ. ಚಿಕ್ಕಪ್ಪನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿ? ತಾವೇ ಜೀಪು ಹತ್ತಿ, ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆದರು.

ಕಿರ್ರ್... ಕಿರ್ರ್... ಕಿರ್ರ್...

ಎಂಜಿನ್ ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ ಹೊಡೆದರು. ಮತ್ತೊಮ್ಮೆ ಹೊಡೆದರು. ಸದ್ದು ನಿಧಾನವಾಗುತ್ತಾ ಬಂತು. ಕಿರ್‍... ಕಿ...ರ್... ಹೆಡ್‌ಲೈಟಿನ ಬೆಳಕು ಕೆಂಪಗಾಯಿತು. ಜಗಲಿಯಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅಕ್ಕ ನರಳುತ್ತಿದ್ದಳು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ನಮ್ಮ ಮನೆ ಇರುವುದು ರಸ್ತೆಗಿಂತ ತಗ್ಗಿನಲ್ಲಿ. ಅಂಗಳದಿಂದ ಹೊರಟರೆ ಎಲ್ಲವೂ ಏರು.

ಅಷ್ಟರಲ್ಲಿ ಕಂಬಳಿ ಹೊದ್ದ ಡ್ರೈವರಣ್ಣ ಏದುಸಿರು ಬಿಡುತ್ತಾ ಬಂದ. ಬಂದವನೇ ಮೊದಲು ಮಾಡಿದ ಕೆಲಸ, ಚಿಕ್ಕಪ್ಪನ ಕೈಯನ್ನು ಕೀಲಿಯಿಂದ ಬಿಡಿಸಿದ್ದು. "ಅಯ್ಯಾ, ನಿಲ್ಸಿ. ಬ್ಯಾಟ್ರೀಲಿ ಇನ್ನೊಂದೇ ಸಲಕ್ಕೆ ಶಕ್ತಿ ಇರೋದು. ಅದನ್ನೂ ಕಳ್ಕೊಂಡ್ರೆ ದೇವ್ರೇ ಗತಿ" ಎಂದ.

ಮಕ್ಕಳೇ, ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಡ್ರೈವರಣ್ಣ ಮುಂದೆ ಮಾಡಿದ್ದು ನಿಮಗೆ ಅರ್ಥವಾಗಬೇಕಾದರೆ ಡೀಸೆಲ್ ಎಂಜಿನ್ನಿನ ಗುಟ್ಟು ತಿಳಿಯಬೇಕು.

ಕಿಡಿಯಿಲ್ಲದ ಬೆಂಕಿ

ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುತ್ತದೆ. ಅದು ಒಲೆಗೆ ಕಡ್ಡಿ ಗೀರಿದ ಹಾಗೆ ಕಿಡಿ ಹಾರಿಸಿ ಪೆಟ್ರೋಲ್ ಹತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಹಾಗಾದರೆ ಬೆಂಕಿ ಎಲ್ಲಿಂದ?

ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಲ್ಲ? ಇಪ್ಪತ್ತು ಮೂವತ್ತು ಸಲ ಜೋರಾಗಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಥಟ್ಟನೆ ಒತ್ತಿ ಹಿಡಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಮಾಡುವುದೂ ಇದನ್ನೇ, ಆದರೆ ಬಹಳ ಜೋರಾಗಿ. ಹಳೆಯ ಡೀಸೆಲ್ ಕಾರುಗಳ ಎಂಜಿನ್ ತನ್ನೊಳಗಿನ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಹಿಸುಕಿಬಿಡುತ್ತದೆ. ಬೆಚ್ಚಗಿರುವ ಎಂಜಿನ್ನಿನಲ್ಲಿ ಆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಡೀಸೆಲ್ ತುಂತುರು ಒಳಗೆ ಚಿಮ್ಮುತ್ತದೆ. ಕಡ್ಡಿ ಗೀರುವವರು ಯಾರೂ ಬೇಕಿಲ್ಲ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಈ ಎಂಜಿನ್ ಕಂಡುಹಿಡಿದವರ ಹೆಸರೇ ಡೀಸೆಲ್. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರ್. ವರ್ಷಗಟ್ಟಲೆ ಸೋತು, ತಿದ್ದಿ, ಮತ್ತೆ ಕಟ್ಟಿ, ಕೊನೆಗೆ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಅವರ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. ಆ ಎಂಜಿನ್ ಇಂದಿಗೂ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ ಇದೆ. ಆಳೆತ್ತರ ಮೀರಿದ ಕಬ್ಬಿಣದ ದೈತ್ಯ ಅದು, ಕಾರಿನೊಳಗೆ ಹಿಡಿಸುವಂಥದ್ದಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದರು. ಆಗ ಅವರಿಗೆ 55 ವರ್ಷ. ತಮ್ಮ ಎಂಜಿನ್ ಕಾರಿಗೆ ಬಂದದ್ದನ್ನು ಅವರು ನೋಡಲಿಲ್ಲ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಡೀಸೆಲ್ ಕಾರುಗಳು ಬಂದದ್ದು 1936ರಲ್ಲಿ, ಜರ್ಮನಿಯಲ್ಲಿ. ಅವುಗಳಲ್ಲಿ ಹೆಸರಾದದ್ದು ಮರ್ಸಿಡಿಸ್ ಬೆಂಜ್ 260 ಡಿ.

ಚಳಿ ಎಂಬ ಕಳ್ಳ

ಹಿಸುಕಿದರೆ ಬಿಸಿ, ಬಿಸಿಯಾದರೆ ಬೆಂಕಿ. ಇಷ್ಟೇ ಆದರೆ ಚಳಿಯಲ್ಲೇಕೆ ತೊಂದರೆ? ಏಕೆಂದರೆ ಚಳಿ ಒಬ್ಬ ಕಳ್ಳ. ಅವನು ಹಳೆಯ ಡೀಸೆಲ್ ಗಾಡಿಗೆ ನಾಲ್ಕು ಕಡೆಯಿಂದ ಕನ್ನ ಹಾಕುತ್ತಾನೆ.

ಮೊದಲನೆಯದು, ಬಿಸಿಯ ಕಳವು. ಒಳಗೆ ಬರುವ ಗಾಳಿ ತಣ್ಣಗಿದ್ದರೆ ಹಿಸುಕಿದ ಮೇಲೂ ಅದರ ಬಿಸಿ ಕಡಿಮೆ. ಲೆಕ್ಕ ಹಾಕಿ ನೋಡಿದರೆ, ಹೊರಗಿನ ಗಾಳಿ 20 ಡಿಗ್ರಿ ತಣ್ಣಗಾದರೆ ಹಿಸುಕಿದ ಗಾಳಿಯ ಬಿಸಿ ಹೆಚ್ಚುಕಡಿಮೆ ಅದರ ಮೂರು ಪಟ್ಟು ಕುಸಿಯುತ್ತದೆ. ಉಳಿದ ಬಿಸಿಯನ್ನೂ ಸುತ್ತಲಿನ ತಣ್ಣನೆ ಕಬ್ಬಿಣ ಹೀರಿಕೊಳ್ಳುತ್ತದೆ. ಎಂಜಿನ್ ಹಳೆಯದಾಗಿ ಪಿಸ್ಟನ್ ರಿಂಗ್ ಸವೆದಿದ್ದರಂತೂ ಹಿಸುಕುವ ಗಾಳಿ ಸಂದಿಯಲ್ಲಿ ನುಸುಳಿ ಹೋಗುತ್ತದೆ. ತೂತು ಬಿದ್ದ ಪಂಪಿನಲ್ಲಿ ಗಾಳಿ ಹೊಡೆದ ಹಾಗೆ.

ಎರಡನೆಯದು, ಬ್ಯಾಟರಿಯ ಕಳವು. ಬ್ಯಾಟರಿಯೊಳಗೆ ವಿದ್ಯುತ್ ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ. ಚಳಿಯಲ್ಲಿ ಆ ಕ್ರಿಯೆ ನಿಧಾನ. ಮೈನಸ್ 18 ಡಿಗ್ರಿಯಲ್ಲಿ ಎಂಜಿನ್ ತಿರುಗಿಸುವ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿದುಬಿಡುತ್ತದೆ.

ಮೂರನೆಯದು, ಎಂಜಿನ್ ಆಯಿಲ್. ಬೇಸಿಗೆಯಲ್ಲಿ ನೀರಿನ ಹಾಗೆ ಸುರಿಯುವ ಜೋನಿ ಬೆಲ್ಲ ಚಳಿಗಾಲದಲ್ಲಿ ಸೌಟಿಗೆ ಅಂಟಿಕೊಂಡು ಬೀಳಲೊಲ್ಲದು. ಎಂಜಿನ್ ಆಯಿಲಿನದೂ ಅದೇ ಪಾಡು. ಬ್ಯಾಟರಿ ಸೊರಗಿದ ಹೊತ್ತಿಗೇ ಎಂಜಿನ್ ತಿರುಗುವುದು ಭಾರವಾಗುತ್ತದೆ. ನಿಧಾನವಾಗಿ ತಿರುಗಿದರೆ ಹಿಸುಕುವುದೂ ನಿಧಾನ. ಹಿಸುಕುವುದು ನಿಧಾನವಾದಷ್ಟೂ ಬಿಸಿ ಸೋರಿಹೋಗಲು ಹೆಚ್ಚು ಸಮಯ ಸಿಕ್ಕಂತಾಯಿತು. ಒಂದು ಕಳವು ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ.

ನಾಲ್ಕನೆಯದು ನಮ್ಮ ಮಲೆನಾಡಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಹಿಮ ಬೀಳುವ ಊರಿಗೇ ಹೋಗಬೇಕು. ಆ ಮಾತು ಆಮೇಲೆ.

ಇಷ್ಟು ಕಳವಿಗೆ ಎಂಜಿನಿಯರುಗಳು ಕಂಡುಕೊಂಡ ಕಾವಲುಗಾರನೇ ಹೀಟರ್ ಪ್ಲಗ್. ಬೆರಳುದ್ದದ ಒಂದು ಲೋಹದ ಕಡ್ಡಿ. ಹಳೆಯ ಡೀಸೆಲ್ ಕಾರು, ಜೀಪುಗಳಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಇರುತ್ತದೆ. ಬ್ಯಾಟರಿಯಿಂದ ವಿದ್ಯುತ್ ಹರಿಸಿದರೆ ಅದರ ತುದಿ ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಗೆ ಕಾಯುತ್ತದೆ. ತಣ್ಣನೆ ಎಂಜಿನ್ನಿನಲ್ಲಿ ಡೀಸೆಲ್ ಹೊತ್ತಿಕೊಳ್ಳಲು ಆ ಒಂದು ಕೆಂಡ ಸಾಕು. ಆದರೆ ಅದು ಕಾಯಲು ಹೊತ್ತು ಬೇಕು. ಇಂದಿನ ಪ್ಲಗ್‌ಗಳಿಗೆ ಕೆಲವೇ ಸೆಕೆಂಡು ಸಾಕು. ಹಳೆಯವಕ್ಕೆ ಅರ್ಧ ನಿಮಿಷ, ಕಡು ಚಳಿಯಲ್ಲಿ ಒಂದು ನಿಮಿಷ. ಪುಟ್ಟಿ ನೋಡಿದ ಜಿಲೇಬಿ ಈ ಹೀಟರಿನ ದೀಪವೇ. ಅದು ಉರಿಯುತ್ತಿದ್ದರೆ 'ಇನ್ನೂ ಕಾಯುತ್ತಿದೆ, ನೀವೂ ಕಾಯಿರಿ' ಎಂದರ್ಥ. ಆರಿದರೆ 'ಈಗ ಸೆಲ್ಫ್ ಹೊಡೆಯಿರಿ' ಎಂದರ್ಥ.

ಹಳೆಯ ಕೆಲವು ಗಾಡಿಗಳಲ್ಲಿ ಈ ಪ್ಲಗ್‌ಗಳನ್ನು ಗಣಪತಿ ಹಬ್ಬದ ಸೀರಿಯಲ್ ಸೆಟ್ ದೀಪದಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಿದ್ದರು. ಒಂದು ಸುಟ್ಟರೆ ನಾಲ್ಕೂ ತಣ್ಣಗೆ. ಆಮೇಲಿನವುಗಳಲ್ಲಿ ಬೇರೆ ಬೇರೆ ಜೋಡಿಸಿದರು. ಈಗ ಒಂದು ಕೆಟ್ಟರೆ ಮಿಕ್ಕ ಮೂರು ಕೆಲಸ ಮಾಡುತ್ತವೆ. ಗಾಡಿ ಮೊದಲ ಒಂದು ನಿಮಿಷ ಕುಂಟುತ್ತಾ ನಡುಗುತ್ತದೆ, ಅಷ್ಟೆ.

ಹಂಡೆಯ ನೀರು

ಈಗ ನಮ್ಮ ಅಂಗಳಕ್ಕೆ ವಾಪಸ್ ಬರೋಣ. ಚಿಕ್ಕಪ್ಪ ಹೀಟರ್ ಹಾಕದೆಯೇ ಸೆಲ್ಫ್ ಹೊಡೆದಿದ್ದರು. ಕೆಂಡವೇ ಇಲ್ಲದ ಒಲೆಯನ್ನು ಊದಿದ ಹಾಗೆ. ಇದ್ದ ಬ್ಯಾಟರಿಯೂ ಸೊರಗಿತ್ತು.

ಡ್ರೈವರಣ್ಣ ಮೊದಲು ಹೆಡ್‌ಲೈಟ್ ಆರಿಸಿದ. "ಲಾಟೀನು ಸಾಕು" ಎಂದ. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದ, "ಅಮ್ಮಾ, ಬಚ್ಚಲ ಹಂಡೇಲಿ ಬಿಸಿನೀರು ಇದೆಯಾ?"

ಮಲೆನಾಡಿನ ಬಚ್ಚಲ ಒಲೆ ಚಳಿಗಾಲದಲ್ಲಿ ಪೂರ್ತಿ ಆರುವುದೇ ಇಲ್ಲ. ರಾತ್ರಿ ತುಂಬಿದ ದೊಡ್ಡ ಕುಂಟೆಯ ಕೆಂಡ ಬೆಳಗಿನವರೆಗೂ ಇರುತ್ತದೆ. ಹಂಡೆಯ ನೀರು ಹದವಾಗಿ ಬೆಚ್ಚಗಿತ್ತು. ಡ್ರೈವರಣ್ಣ ಜೀಪಿನ ಕೆಳಗೆ ನುಗ್ಗಿ ರೇಡಿಯೇಟರಿನ ತಣ್ಣೀರನ್ನು ಹೊರಬಿಟ್ಟ. ನಾನೂ ಆಳೂ ಕೊಡದಲ್ಲಿ ಹಂಡೆಯ ನೀರು ತಂದು ತಂದು ಕೊಟ್ಟೆವು. ಅವನು ನಿಧಾನಕ್ಕೆ ಹುಯ್ದ. "ಕುದಿಯೋ ನೀರು ಬೇಡ, ತಣ್ಣಗಿರೋ ಕಬ್ಬಿಣ ಬಿರುಕು ಬಿಡ್ತದೆ" ಎಂದು ಎಚ್ಚರಿಸಿದ. ಎಂಜಿನ್ನಿನ ಮೈಗೆ ಒಳಗಿನಿಂದಲೇ ಸ್ನಾನ ಮಾಡಿಸಿದ ಹಾಗಾಯಿತು. ಈ ಹತ್ತು ನಿಮಿಷದಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆದಿತ್ತು. ದಣಿದ ಬ್ಯಾಟರಿ ಸುಧಾರಿಸಿಕೊಂಡಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿಗೆ ಸ್ವಲ್ಪ ಶಕ್ತಿ ಮರಳುತ್ತದೆ.

ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮಲಗಿಸಿದರು. ಡ್ರೈವರಣ್ಣ ಸೀಟಿನಲ್ಲಿ ಕುಳಿತು ಹೀಟರ್ ಹಾಕಿದ.

"ಹೊಡಿಯೋ ಮಾರಾಯ!" ಎಂದರು ಚಿಕ್ಕಪ್ಪ.

"ಒಂದು ನಿಮಿಷ ಸುಮ್ನಿರಿ ಅಯ್ಯಾ."

ಅವನು ಬಾಯಲ್ಲೇ ಎಣಿಸುತ್ತಿದ್ದ. ಹತ್ತು... ಇಪ್ಪತ್ತು... ಮೂವತ್ತು... ಅಂಗಳದಲ್ಲಿ ಹತ್ತು ಜನ ಇದ್ದೆವು, ಒಬ್ಬರೂ ಉಸಿರೆತ್ತಲಿಲ್ಲ. ಜೀರುಂಡೆಯ ಸದ್ದು, ನಡುನಡುವೆ ಅಕ್ಕನ ನರಳಾಟ. ಅಷ್ಟು ಉದ್ದದ ಒಂದು ನಿಮಿಷವನ್ನು ನಾನು ಮತ್ತೆಂದೂ ಕಂಡಿಲ್ಲ.

ಅರವತ್ತಕ್ಕೆ ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದ. ಕಿರ್ರ್... ಡಬ್. ಕಿರ್ರ್... ಡಬ್ ಡಬ್. ಬಿಳಿ ಹೊಗೆ ಅಂಗಳವನ್ನೆಲ್ಲ ತುಂಬಿತು. ಸರಿಯಾಗಿ ಉರಿಯದ ಡೀಸೆಲ್ಲಿನ ಹೊಗೆ ಅದು. ಆ ಘಾಟು ಅವತ್ತು ಅಗರಬತ್ತಿಯಂತೆ ಕಂಡಿತು. ಆಮೇಲೆ ಡಬಡಬಡಬ ಎಂದು ಜೀಪು ಗಟ್ಟಿ ದನಿಯಲ್ಲಿ ಮಾತಾಡತೊಡಗಿತು. ಏರು ಹತ್ತಿ, ಹಿಂದಿನ ಕೆಂಪು ದೀಪ ಮಂಜಿನಲ್ಲಿ ಕರಗುವವರೆಗೂ ನಾವು ನೋಡುತ್ತಾ ನಿಂತೆವು.

ಡೀಸೆಲ್ ಹೆಪ್ಪುಗಟ್ಟುವ ಊರು

ಇನ್ನು ನಾಲ್ಕನೇ ಕಳವು. ಚಳಿಗಾಲದಲ್ಲಿ ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲು ಹೋದರೆ ಕೊಬ್ಬರಿ ಎಣ್ಣೆ ಬಾಟಲಿಯಿಂದ ಬೀಳುವುದಿಲ್ಲ. ಅಜ್ಜಿ ಅದನ್ನು ಬಿಸಿಲಿಗೆ ಇಡುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡೀಸೆಲ್ಲಿಗೂ ಇಂಥ ಗುಣವಿದೆ. ಅದರಲ್ಲಿ ಮೇಣದ ಅಂಶ ಕರಗಿಕೊಂಡಿರುತ್ತದೆ, ಮೇಣದಬತ್ತಿಯ ಮೇಣದ ನಂಟೇ ಅದು. ಕಡು ಚಳಿಯಲ್ಲಿ ಆ ಮೇಣ ಸಣ್ಣ ಸಣ್ಣ ಹರಳಾಗಿ ಡೀಸೆಲ್ ಮೋಡದಂತೆ ಮಸುಕಾಗುತ್ತದೆ. ಆ ಹರಳುಗಳು ಡೀಸೆಲ್ ಫಿಲ್ಟರಿನಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ. ಗಾಡಿ ಹೇಗೋ ಹತ್ತುತ್ತದೆ, ಪಂಪಿನಲ್ಲಿದ್ದ ಡೀಸೆಲ್ ಮುಗಿದ ಮೇಲೆ ನಾಲ್ಕು ಹೆಜ್ಜೆಗೇ ನಿಂತುಬಿಡುತ್ತದೆ. ಚಳಿ ಇನ್ನೂ ಹೆಚ್ಚಾದರೆ ಟ್ಯಾಂಕಿನ ಡೀಸೆಲ್ ಪಾಯಸ ಆರಿದ ಹಾಗೆ ಹೆಪ್ಪುಗಟ್ಟುತ್ತದೆ.

ನಮ್ಮ ದೇಶದಲ್ಲಿ ಇದನ್ನು ಚೆನ್ನಾಗಿ ಬಲ್ಲವರು ಲಡಾಖಿನವರು. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಜನವರಿ ರಾತ್ರಿ ಅಲ್ಲಿ ಮೈನಸ್ 15, ಮೈನಸ್ 20 ಡಿಗ್ರಿ ಹೊಸತೇನಲ್ಲ. ಗಾಳಿಯೂ ತೆಳು. ಸಮುದ್ರ ಮಟ್ಟದ ಗಾಳಿಯ ಸುಮಾರು ಮೂರನೇ ಎರಡು ಪಾಲಷ್ಟೇ ಅಲ್ಲಿ ಸಿಗುವುದು. ಹಿಸುಕಲು ಗಾಳಿಯೇ ಕಡಿಮೆ, ಇರುವ ಗಾಳಿಯೂ ತಣ್ಣಗೆ, ಡೀಸೆಲ್ ಗಟ್ಟಿ, ಬ್ಯಾಟರಿ ಸೊರಗಿದ್ದು. ನಾಲ್ಕು ಕಳ್ಳರೂ ಒಟ್ಟಿಗೆ!

ಅಲ್ಲಿನ ಚಾಲಕರು ಏನು ಮಾಡುತ್ತಿದ್ದರು ಗೊತ್ತೇ? ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು, ಅದರಿಂದ ಮೇಣ ಕಟ್ಟುವುದು ತಡವಾಗುತ್ತದೆ. ಕೆಲವರು ರಾತ್ರಿಯಿಡೀ ಎಂಜಿನ್ ಆರಿಸುತ್ತಲೇ ಇರಲಿಲ್ಲ. ಇನ್ನು ಕೆಲವರು ಇಳಿಜಾರು ಹುಡುಕಿ ಗಾಡಿ ನಿಲ್ಲಿಸುತ್ತಿದ್ದರು, ಬೆಳಿಗ್ಗೆ ಉರುಳಿಸಿ ಗೇರಿಗೆ ಹಾಕಿದರೆ ಬ್ಯಾಟರಿಯ ಹಂಗಿಲ್ಲ. ಗಾಡಿಯ ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸುವ ಅಪಾಯದ ಸಾಹಸವೂ ಇತ್ತು. ಮಕ್ಕಳೇ, ಹಿರಿಯರೇ, ಅದನ್ನು ಮಾತ್ರ ಕನಸಿನಲ್ಲೂ ಮಾಡಬೇಡಿ. ಸೋರಿದ ಒಂದು ಹನಿ ಎಣ್ಣೆ ಸಾಕು, ಗಾಡಿಯೂ ಹೋಗುತ್ತದೆ, ಜೀವವೂ ಹೋಗುತ್ತದೆ.

2019ರ ನವೆಂಬರಿನಲ್ಲಿ ಈ ಕಷ್ಟಕ್ಕೊಂದು ಒಳ್ಳೆಯ ಪರಿಹಾರ ಬಂತು. ಇಂಡಿಯನ್ ಆಯಿಲ್ ಕಂಪನಿ ಪಾಣಿಪತ್ತಿನ ತನ್ನ ಸಂಸ್ಕರಣಾಗಾರದಲ್ಲಿ ತಯಾರಿಸಿದ ಚಳಿಗಾಲದ ವಿಶೇಷ ಡೀಸೆಲ್ಲನ್ನು ಲಡಾಖಿನಲ್ಲಿ ಮಾರಾಟಕ್ಕೆ ತಂದಿತು. ಮೈನಸ್ 33 ಡಿಗ್ರಿಯವರೆಗೂ ಅದು ಹರಿಯುತ್ತದೆ.

ಹಿಮದ ನಾಡುಗಳಲ್ಲಿ ಇನ್ನೊಂದು ಉಪಾಯವಿದೆ. ಕೆನಡಾದಲ್ಲಿರುವ ನೆಂಟರ ಮನೆಗೆ ಹೋಗಿಬಂದ ಅಜ್ಜ ಅಜ್ಜಿಯರು ನೋಡಿರಬಹುದು, ಅಲ್ಲಿ ಕೆಲವು ಕಾರುಗಳ ಮೂತಿಯಿಂದ ಕರೆಂಟಿನ ವೈರು ಜೋತಾಡುತ್ತಿರುತ್ತದೆ. ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಿದ ಹಾಗೆ ಕಾರನ್ನು ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಎಂಜಿನ್ನಿನೊಳಗಿನ ಹೀಟರ್ ಅದರ ನೀರನ್ನು ಬೆಚ್ಚಗಿಡುತ್ತದೆ. ನಮ್ಮ ಡ್ರೈವರಣ್ಣ ಬಚ್ಚಲ ಹಂಡೆಯಿಂದ ಮಾಡಿದ ಕೆಲಸವೇ ಅದು, ಕರೆಂಟಿನಲ್ಲಿ.

ಹಳೆ ಗಾಡಿಯ ಅಜ್ಜಂದಿರಿಗೆ

ಚಳಿಗಾಲ ಕಳೆಯುವವರೆಗೆ ಇಷ್ಟು ನೆನಪಿಟ್ಟುಕೊಂಡರೆ ಸಾಕು.

• ಕೀಲಿ ಅರ್ಧ ತಿರುಗಿಸಿ, ಹೀಟರಿನ ದೀಪ ಆರುವವರೆಗೆ ಕಾಯಿರಿ. ಹೆಚ್ಚು ಚಳಿಯಿದ್ದರೆ ಕೀಲಿ ವಾಪಸ್ ತಿರುಗಿಸಿ ಇನ್ನೊಮ್ಮೆ ಹೀಟರ್ ಹಾಕಬಹುದು.

• ಆ ಹೊತ್ತಿನಲ್ಲಿ ಲೈಟು, ಫ್ಯಾನು, ರೇಡಿಯೊ ಎಲ್ಲವೂ ಬಂದ್ ಇರಲಿ. ಬ್ಯಾಟರಿಯ ಶಕ್ತಿಯೆಲ್ಲ ಎಂಜಿನ್ನಿಗೇ ಸಿಗಲಿ.

• ಗೇರು ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಪೂರ್ತಿ ಒತ್ತಿ. ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನೂ ತಿರುಗಿಸುವ ಕಷ್ಟ ಸ್ಟಾರ್ಟರಿಗೆ ತಪ್ಪುತ್ತದೆ.

• ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಹತ್ತದಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಹೀಟರ್ ಹಾಕಿ, ಆಮೇಲೆ ಪ್ರಯತ್ನಿಸಿ.

• ಹತ್ತಿದ ಕೂಡಲೇ ಆಕ್ಸಿಲರೇಟರ್ ತುಳಿದು ಅಬ್ಬರಿಸಬೇಡಿ. ಆಯಿಲ್ ಮೇಲಿನವರೆಗೆ ಏರಲು ಅರ್ಧ ನಿಮಿಷ ಕೊಟ್ಟು, ಆಮೇಲೆ ಮೆಲ್ಲಗೆ ಹೊರಡಿ.

• ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೆಕ್ಯಾನಿಕ್ ಹತ್ತಿರ ಶುಚಿ ಮಾಡಿಸಿ. ಪ್ರತಿ ಬೆಳಿಗ್ಗೆ ಗಾಡಿ ಕುಂಟಿ ಬಿಳಿ ಹೊಗೆ ಬಿಟ್ಟರೆ ಹೀಟರ್ ಪ್ಲಗ್ ಪರೀಕ್ಷೆ ಮಾಡಿಸಿ.

• ಆಯಿಲ್ ಡಬ್ಬಿಯ ಮೇಲೆ '15 ಡಬ್ಲ್ಯು 40' ಎಂಬಂಥ ಸಂಖ್ಯೆ ಇರುತ್ತದೆ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿಸಿ.

• ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸುತ್ತಾ ನಿಲ್ಲಬೇಡಿ. ಆ ಹೊಗೆ ವಿಷ. ಬಾಗಿಲು ತೆರೆದಿರಲಿ, ಮಕ್ಕಳು ದೂರ ಇರಲಿ.

• ಬೇಗ ಹತ್ತಲಿ ಎಂದು ಗಾಳಿಯ ದಾರಿಗೆ ಈಥರ್ ಸ್ಪ್ರೇ ಹೊಡೆಯುವವರಿದ್ದಾರೆ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಅದು ಬೇಡವೇ ಬೇಡ. ಕೆಂಡದ ಮೇಲೆ ಪೆಟ್ರೋಲ್ ಎರಚಿದ ಹಾಗಾಗುತ್ತದೆ.

ಮಕ್ಕಳಿಗೊಂದು ಪ್ರಯೋಗ: ಒಂದು ಚಮಚ ಕೊಬ್ಬರಿ ಎಣ್ಣೆ, ಒಂದು ಚಮಚ ಕಡಲೆಕಾಯಿ ಎಣ್ಣೆಯನ್ನು ಎರಡು ಬಟ್ಟಲಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಯಾವುದು ಮೊದಲು ಮಸುಕಾಯಿತು? ಯಾವುದು ಮೊದಲು ಗಟ್ಟಿಯಾಯಿತು? ಲಡಾಖಿನ ಡೀಸೆಲ್ ಟ್ಯಾಂಕಿನಲ್ಲಿ ಏನಾಗುತ್ತದೆಂದು ನಿಮಗೇ ತಿಳಿಯುತ್ತದೆ.

ಒಂದು ನಿಮಿಷದ ಸ್ಮರಣೆ

ಹಳೆಯ ಡೀಸೆಲ್ ಕಾರು ಹತ್ತುವ ಮುಂಚಿನ ಆ ಕಾಯುವ ಹೊತ್ತಿಗೆ ಜರ್ಮನಿಯವರು ತಮಾಷೆಯಾಗಿ ಒಂದು ಹೆಸರಿಟ್ಟಿದ್ದರು. 'ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ' ಎಂದು. ಹಿರಿಯರು ತೀರಿಕೊಂಡಾಗ ಶಾಲೆಯಲ್ಲಿ ಎದ್ದು ನಿಂತು ಮೌನ ಆಚರಿಸುತ್ತೀರಲ್ಲ, ಹಾಗೆ. ಎಂಜಿನ್ ಕಂಡುಹಿಡಿದ ಅಜ್ಜನಿಗೆ ದಿನಾ ಬೆಳಿಗ್ಗೆ ಒಂದು ನಿಮಿಷದ ಮೌನ. ಇದನ್ನು ಹೇಳಿದಾಗ ಪುಟ್ಟಿ ಕಿಲಕಿಲ ನಕ್ಕಳು.

ಇಡ್ಲಿ ಕಟ್ಟಿಸಿಕೊಂಡು ಮತ್ತೆ ಕಾರು ಹತ್ತಿದೆವು. ಈಗ ಎಂಜಿನ್ ಬೆಚ್ಚಗಿತ್ತು. ಜಿಲೇಬಿ ಹೀಗೆ ಬಂದು ಹಾಗೆ ಹೋಯಿತು. ಅರ್ಧ ದಾರಿಯಲ್ಲಿ ಪುಟ್ಟಿ ಕೇಳಿದಳು.

"ಚಿಕ್ಕಜ್ಜ, ಕಥೆ ಅರ್ಧಕ್ಕೇ ಬಿಟ್ಟಿರಿ. ಆಸ್ಪತ್ರೇಲಿ ಏನಾಯ್ತು? ಆ ಪಾಪು ಹುಟ್ಟಿತಾ?"

"ಹುಟ್ಟಿತು. ಬೆಳಗಿನ ಜಾವ ಐದು ಗಂಟೆಗೆ. ಹೆಣ್ಣು ಮಗು. ಇನ್ನು ಅರ್ಧ ಗಂಟೆ ತಡವಾಗಿದ್ರೆ ಕಷ್ಟ ಇತ್ತು ಅಂತ ಡಾಕ್ಟರು ಹೇಳಿದ್ರಂತೆ."

"ಈಗ ಆ ಪಾಪು ಎಲ್ಲಿದೆ?"

"ಬೆಂಗಳೂರಲ್ಲಿ. ನಿನ್ನೆ ರಾತ್ರಿ ಫೋನ್ ಮಾಡಿ, ಪುಟ್ಟಿ ಸ್ವೆಟರ್ ಹಾಕ್ಕೊಂಡಳಾ ಅಂತ ಕೇಳ್ತಾ ಇತ್ತು."

ಪುಟ್ಟಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಕಣ್ಣು ದೊಡ್ಡದು ಮಾಡಿ, "ಅಮ್ಮನಾ!" ಎಂದಳು.

ಮಾರನೆಯ ಬೆಳಿಗ್ಗೆ ಆರೂವರೆಗೆ ಮತ್ತೆ ಅವಳೇ ಮೊದಲು ಕಾರಿನಲ್ಲಿ ಕುಳಿತಿದ್ದಳು. ನಾನು ಕೀಲಿ ಅರ್ಧ ತಿರುಗಿಸಿದೆ. ಜಿಲೇಬಿ ಹತ್ತಿತು. ಪುಟ್ಟಿ ಬಾಯಿಯ ಮೇಲೆ ಬೆರಳಿಟ್ಟುಕೊಂಡು, ದೀಪ ಆರುವವರೆಗೂ ನೆಟ್ಟಗೆ ಕುಳಿತಳು.

"ಯಾರಿಗೆ ಪುಟ್ಟಿ, ಡೀಸೆಲ್ ಅಜ್ಜನಿಗಾ?" ಎಂದೆ.

"ಅವರಿಗೂ," ಎಂದಳು, "ಡ್ರೈವರಣ್ಣನಿಗೂ."